ಅರ್ಜಿ ಹಾಕೋದೂ ಹೋರಾಟವೇ

(ಸಂಘದ ವಾರ್ಷಿಕೋತ್ಸವದ ದಿನ ಹಿಂದೂಪುರದಲ್ಲಿ ಮಾಡಿದ ಭಾಷಣ. ಮಾತಿನ ಧಾಟಿ ಆದಷ್ಟು ಹಾಗೇ ಉಳಿಸಿದೆ.)



ಅಧ್ಯಕ್ಷರು ನನಗೆ ಕೊಟ್ಟ ವಿಷಯ ಸಣ್ಣದು. ವ್ಯವಸಾಯದ ಓದಿಗೆ ಸರ್ಕಾರದ ಸ್ಕಾಲರ್‌ಷಿಪ್ ತಗೊಳ್ಳೋದು ಹೇಗೆ ಅಂತ. ಕೇಳೋದಕ್ಕೆ ಇದು ಬರೀ ಕಾಗದದ ವಿಷಯ ಅನಿಸಬಹುದು. ಆದರೆ ನಮ್ಮ ಕೇರಿಯ ಮಕ್ಕಳಲ್ಲಿ ಬುದ್ಧಿ ಕಮ್ಮಿಯಾಗಿ ಸೀಟು ಕಳಕೊಂಡವರಿಗಿಂತ ಒಂದು ಕಾಗದ ಕಮ್ಮಿಯಾಗಿ ಕಳಕೊಂಡವರೇ ಹೆಚ್ಚು. ಅದಕ್ಕೇ ಇವತ್ತು ಕಾಗದದ ಮಾತನ್ನೇ ಆಡ್ತೀನಿ.

ಮೊದಲು ಒಂದು ಪ್ರಶ್ನೆ. ವ್ಯವಸಾಯವೇ ಯಾಕೆ? "ಅಪ್ಪ ಕೂಲಿ, ಅವ್ವ ಕೂಲಿ, ನಾನೂ ಹೊಲದ ಕೆಲಸವೇ ಓದಬೇಕಾ" ಅಂತ ಹುಡುಗರು ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಮೇಟಿ ವಿದ್ಯೆ ದೊಡ್ಡದು ಅಂತ ಎಲ್ಲರೂ ಹೊಗಳ್ತಾರೆ. ಆದರೆ ಮೇಟಿ ಹಿಡಿದ ನಮ್ಮವರ ಹೆಸರು ಅಡಂಗಲ್‌ನಲ್ಲಿ ಇಲ್ಲ. ಕಡಲೆಕಾಯಿ ಹೊಲದಲ್ಲಿ ಕಳೆ ಕಿತ್ತವರು ನಾವು, ಕಾಯಿ ಬಿಡಿಸಿದವರು ನಾವು. ಬಿತ್ತನೆ ಬೀಜ ಯಾರಿಗೆ ಸಿಗಬೇಕು, ಬೆಳೆ ನಷ್ಟ ಯಾರ ಹೆಸರಿಗೆ ಬರೀಬೇಕು ಅಂತ ತೀರ್ಮಾನ ಮಾಡೋ ಕುರ್ಚಿಯಲ್ಲಿ ನಾವು ಕೂತದ್ದು ಕಮ್ಮಿ.

2019ರಲ್ಲಿ ಗ್ರಾಮ ಸಚಿವಾಲಯಗಳು ಬಂದಾಗ ಊರೂರಿಗೆ ವಿಲೇಜ್ ಅಗ್ರಿಕಲ್ಚರ್ ಅಸಿಸ್ಟೆಂಟ್ ಅಂತ ಹುದ್ದೆ ಬಂತು. ಅಗ್ರಿಕಲ್ಚರ್ ಡಿಗ್ರಿ ಇಲ್ಲವೇ ಡಿಪ್ಲೊಮಾ ಓದಿದವರಿಗೆ ಆ ಕೆಲಸ. ಇ-ಕ್ರಾಪ್‌ನಲ್ಲಿ ಬೆಳೆ ಬರೆಯೋದು ಅವರೇ. ಗುತ್ತಿಗೆಗೆ, ವಾರಕ್ಕೆ ಹೊಲ ಮಾಡಿದ ನಮ್ಮ ಜನರ ಹೆಸರು ಆ ಪಟ್ಟಿಗೆ ಹತ್ತದೇ ಹೋದರೆ ಮಳೆ ಕೈಕೊಟ್ಟ ವರ್ಷ ಪರಿಹಾರವೂ ಹತ್ತೋದಿಲ್ಲ. ಆ ಕುರ್ಚಿಯಲ್ಲಿ ನಮ್ಮ ಕೇರಿಯ ಹುಡುಗಿ ಕೂತಿದ್ದರೆ ಏನಾಗುತ್ತೆ ಅಂತ ಯೋಚನೆ ಮಾಡಿ. ನೀವೆಲ್ಲ ಬಿತ್ತಿರೋ ಕದಿರಿ-6, ಕದಿರಿ ಲೇಪಾಕ್ಷಿ ತಳಿಗಳು ಪಕ್ಕದ ಕದಿರಿಯ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿದವು. ತಳಿ ಹುಟ್ಟಿಸೋ ವಿಜ್ಞಾನಿಯೂ ನಮ್ಮವರಾಗಬಾರದು ಅಂತ ಯಾವ ಕಾನೂನೂ ಹೇಳಿಲ್ಲ.

ಬಾಬಾಸಾಹೇಬರ ಕಡೆ ತಿರುಗಿ ನೋಡೋಣ. 1913ರಲ್ಲಿ ಅವರು ಅಮೆರಿಕಾದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರು ಕೊಟ್ಟ ವಿದ್ಯಾರ್ಥಿವೇತನದಿಂದ. ವಾಪಸ್ ಬಂದ ಮೇಲೆ 1918ರಲ್ಲಿ ಭಾರತದ ಸಣ್ಣ ಹಿಡುವಳಿಗಳ ಬಗ್ಗೆ ಒಂದು ದೊಡ್ಡ ಲೇಖನ ಬರೆದರು. ಹೊಲ ಚಿಕ್ಕದು ಅನ್ನೋದೊಂದೇ ರೋಗವಲ್ಲ, ಬಂಡವಾಳವಿಲ್ಲದೆ, ಸಲಕರಣೆಯಿಲ್ಲದೆ, ಬೇರೆ ಕೆಲಸವೂ ಇಲ್ಲದೆ ಅಷ್ಟೊಂದು ಜನ ಭೂಮಿಯನ್ನೇ ನಂಬಿ ಕೂತಿರೋದು ರೋಗ ಅಂತ ಅದರಲ್ಲಿ ವಾದ ಮಾಡಿದರು. ಸಂವಿಧಾನ ಬರೆಯೋದಕ್ಕೆ ಮೂವತ್ತು ವರ್ಷ ಮುಂಚೆಯೇ ಅವರು ವ್ಯವಸಾಯದ ಅರ್ಥಶಾಸ್ತ್ರ ಬರೆದವರು.

1942ರಲ್ಲಿ ಅವರು ವೈಸ್‌ರಾಯ್ ಕಾರ್ಯಕಾರಿ ಮಂಡಳಿಯ ಸದಸ್ಯರಾದರು. ಆಗ ಪರಿಶಿಷ್ಟ ಜಾತಿಗಳ ಕುಂದುಕೊರತೆ ಬಗ್ಗೆ ಸರ್ಕಾರಕ್ಕೆ ಒಂದು ಮನವಿ ಬರೆದರು. ನಮ್ಮ ಮಕ್ಕಳು ವಿಜ್ಞಾನ, ತಂತ್ರಜ್ಞಾನ ಓದೋದಕ್ಕೆ ಹಣ ಬೇಕು ಅಂತ ಅದರಲ್ಲಿ ಕೇಳಿದರು. ವರ್ಷಕ್ಕೆ ಮೂರು ಲಕ್ಷ ರೂಪಾಯಿ ಮಂಜೂರಾಯ್ತು. 1944ರಲ್ಲಿ ಶುರುವಾದ ಆ ಯೋಜನೆಯೇ ಇವತ್ತಿನ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಷಿಪ್. ಅಂದರೆ ದೇಶಕ್ಕೆ ಸ್ವಾತಂತ್ರ್ಯ ಬರೋದಕ್ಕಿಂತ ಮುಂಚೆ ಈ ಹಕ್ಕು ಬಂದಿದೆ. ಇದು ಯಾವ ಮಂತ್ರಿಯ ದಾನವೂ ಅಲ್ಲ, ಯಾವ ಪಕ್ಷದ ಉಡುಗೊರೆಯೂ ಅಲ್ಲ. ಆಫೀಸಿನ ಕಿಟಕಿ ಮುಂದೆ ನಿಂತಾಗ ತಲೆ ತಗ್ಗಿಸಬೇಡಿ.

ಈಗ ಹಣದ ಲೆಕ್ಕ. ಕೇಂದ್ರ ಸರ್ಕಾರ 2020ರ ಡಿಸೆಂಬರ್‌ನಲ್ಲಿ ಈ ಯೋಜನೆಯನ್ನು ತಿದ್ದಿತು. ಐದು ವರ್ಷಕ್ಕೆ 59,048 ಕೋಟಿ ರೂಪಾಯಿ. ಅದರಲ್ಲಿ ಕೇಂದ್ರದ ಪಾಲು ಶೇ. 60, ರಾಜ್ಯದ್ದು ಶೇ. 40. ಮನೆಯ ವರ್ಷದ ಆದಾಯ ಎರಡೂವರೆ ಲಕ್ಷ ಮೀರಬಾರದು. ಕಾಲೇಜಿನ ಕಡ್ಡಾಯ ಫೀಸು ಒಂದು, ಓದಿನ ಖರ್ಚಿಗೆ ಭತ್ಯೆ ಇನ್ನೊಂದು. ಅಗ್ರಿಕಲ್ಚರ್ ಡಿಗ್ರಿಯಂಥ ವೃತ್ತಿ ಓದಿಗೆ ಕೇಂದ್ರದ ನಿಯಮದ ಪ್ರಕಾರ ಹಾಸ್ಟೆಲ್‌ನಲ್ಲಿರೋರಿಗೆ ವರ್ಷಕ್ಕೆ 13,500, ಮನೆಯಿಂದ ಓಡಾಡೋರಿಗೆ 7,000 ರೂಪಾಯಿ. ನಮ್ಮ ರಾಜ್ಯದಲ್ಲಿ ಸರ್ಕಾರ ಬದಲಾದಾಗೆಲ್ಲ ಹೆಸರು ಬದಲಾಗುತ್ತೆ. ಫೀ ರೀಯಿಂಬರ್ಸ್‌ಮೆಂಟ್ ಅಂದರು, ವಿದ್ಯಾ ದೀವೆನ, ವಸತಿ ದೀವೆನ ಅಂದರು, ಆರ್‌ಟಿಎಫ್, ಎಂಟಿಎಫ್ ಅಂದರು. ಹೆಸರು ನೋಡಿ ಗಾಬರಿಯಾಗಬೇಡಿ. ಒಂದು ಫೀಸಿನದು, ಒಂದು ಊಟ ವಸತಿಯದು, ಅಷ್ಟೇ.

ದಾರಿಗಳು ಯಾವುವು? ಒಂದನೇದು ಹತ್ತನೇ ಕ್ಲಾಸ್ ಆದ ಮೇಲೆ. ಆಚಾರ್ಯ ಎನ್.ಜಿ. ರಂಗಾ ಕೃಷಿ ವಿಶ್ವವಿದ್ಯಾಲಯದ ಅಗ್ರಿಕಲ್ಚರ್ ಪಾಲಿಟೆಕ್ನಿಕ್ ನಮ್ಮ ಮಡಕಶಿರಾದಲ್ಲೇ ಇದೆ, ಅನಂತಪುರದ ಹತ್ತಿರ ರೆಡ್ಡಿಪಲ್ಲಿಯಲ್ಲೂ ಇದೆ. ಎರಡು ವರ್ಷದ ಡಿಪ್ಲೊಮಾ. ಮುಗಿಸಿದವರು ಅಗ್ರಿಸೆಟ್ ಬರೆದು ಬಿ.ಎಸ್ಸಿ.ಗೆ ಹೋಗಬಹುದು. ಎರಡನೇದು ಇಂಟರ್‌ನಲ್ಲಿ ಬೈಪಿಸಿ ಓದಿ ಇ.ಎ.ಪಿ.ಸೆಟ್ ಬರೆದು ನೇರ ಬಿ.ಎಸ್ಸಿ. ಆನರ್ಸ್ ಅಗ್ರಿಕಲ್ಚರ್. ಎಂಪಿಸಿ ಓದಿದವರಿಗೆ ಅಗ್ರಿಕಲ್ಚರಲ್ ಇಂಜಿನಿಯರಿಂಗ್ ಇದೆ, ಆ ಕಾಲೇಜೂ ಮಡಕಶಿರಾದಲ್ಲೇ ಇದೆ. ಮೂರನೇದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಸಿಯುಇಟಿ ಅಂತ ದೇಶಕ್ಕೆಲ್ಲ ಒಂದು ಪರೀಕ್ಷೆ. ಎಲ್ಲ ರಾಜ್ಯಗಳ ಕೃಷಿ ವಿಶ್ವವಿದ್ಯಾಲಯಗಳಲ್ಲೂ ಒಂದು ಪಾಲು ಸೀಟುಗಳನ್ನು ಐಸಿಎಆರ್ ಇದರ ಮೂಲಕ ತುಂಬುತ್ತೆ. ಇ.ಎ.ಪಿ.ಸೆಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಇಲ್ಲ. ಸಿಯುಇಟಿ ಹದಿಮೂರು ಭಾಷೆಯಲ್ಲಿದೆ, ಅದರಲ್ಲಿ ಕನ್ನಡವೂ ಒಂದು. ಅಮರಾಪುರ, ರೊಳ್ಳ ಕಡೆ ಕನ್ನಡ ಮೀಡಿಯಂನಲ್ಲಿ ಓದಿದ ಮಕ್ಕಳು ಇದನ್ನ ಗಮನಿಸಬೇಕು. ಈ ದಾರಿಯಲ್ಲಿ ಬೆಂಗಳೂರಿನ ಜಿಕೆವಿಕೆ, ಧಾರವಾಡ, ರಾಯಚೂರು ಕೂಡ ಸಿಗಬಹುದು. ಹೀಗೆ ಸ್ವಂತ ರಾಜ್ಯದ ಹೊರಗೆ ಓದೋರಿಗೆ ಐಸಿಎಆರ್ ನ್ಯಾಷನಲ್ ಟ್ಯಾಲೆಂಟ್ ಸ್ಕಾಲರ್‌ಷಿಪ್ ಅಂತ ಡಿಗ್ರಿಗೆ ತಿಂಗಳಿಗೆ 2,000 ರೂಪಾಯಿ ಕೊಡುತ್ತೆ. ಒಂದು ಎಚ್ಚರ. ಪೋಸ್ಟ್ ಮೆಟ್ರಿಕ್ ತಗೊಳ್ಳೋರು ಜೊತೆಗೆ ಇನ್ನೊಂದು ಸ್ಕಾಲರ್‌ಷಿಪ್ ತಗೊಳ್ಳೋ ಹಾಗಿಲ್ಲ. ಯಾವುದು ಲಾಭ ಅಂತ ಲೆಕ್ಕ ಹಾಕಿ ಆರಿಸಿಕೊಳ್ಳಿ. ಹೊರ ರಾಜ್ಯಕ್ಕೆ ಹೋಗೋರು ನಮ್ಮ ರಾಜ್ಯದಿಂದ ಏನೇನು ಬರುತ್ತೆ ಅಂತ ಜಿಲ್ಲಾ ಸಮಾಜ ಕಲ್ಯಾಣ ಆಫೀಸಿನಲ್ಲಿ ಸೇರೋದಕ್ಕೆ ಮುಂಚೆಯೇ ಕೇಳಿ, ಬರವಣಿಗೆಯಲ್ಲಿ ತಗೊಳ್ಳಿ.

ಇನ್ನು ಗಡಿಯವರ ಕಷ್ಟ. ಇದು ಅನಂತಪುರ ಪೇಟೆಯ ಹುಡುಗನಿಗೆ ಇಲ್ಲದ, ನಮಗೆ ಮಾತ್ರ ಇರೋ ಕಷ್ಟ.

ಮೊದಲನೇದು ಜಾತಿಯ ಹೆಸರು. ನಮ್ಮ ನೆಂಟರು ಪಾವಗಡ, ಮಧುಗಿರಿ, ಗೌರಿಬಿದನೂರಲ್ಲಿದ್ದಾರೆ. ಅವರ ಸರ್ಟಿಫಿಕೇಟಲ್ಲಿ ಆದಿ ಕರ್ನಾಟಕ ಅಂತ ಇರುತ್ತೆ. ಅದನ್ನು ನೋಡಿ ನಮ್ಮ ಮಕ್ಕಳ ಸ್ಕೂಲ್ ರಿಜಿಸ್ಟರ್‌ನಲ್ಲೂ ಆದಿ ಕರ್ನಾಟಕ ಅಂತ ಬರೆಸಿದವರಿದ್ದಾರೆ. ಆಂಧ್ರದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಆ ಹೆಸರೇ ಇಲ್ಲ. ಇಲ್ಲಿ ಮಾದಿಗ ಇದೆ, ಮಾಲ ಇದೆ, ಹೊಲೆಯ ಇದೆ, ಆದಿ ಆಂಧ್ರ ಇದೆ. ಪಟ್ಟಿಯಲ್ಲಿರೋ ಹೆಸರೇ ಕಾಗದದಲ್ಲೂ ಇರಬೇಕು. ಅಪ್ಪನಿಗೆ ಒಂದು, ಮಗನಿಗೆ ಇನ್ನೊಂದು ಇದ್ದರೆ ಎಂ.ಆರ್.ಓ. ಆಫೀಸಿನಲ್ಲಿ ಅರ್ಜಿ ಅಲ್ಲೇ ನಿಲ್ಲುತ್ತೆ.

ಎರಡನೇದು ನಮ್ಮ ಹೆಸರು. ತೆಲುಗಿನವರಿಗೆ ಇಂಟಿಪೇರು ಮುಂದೆ ಬರುತ್ತೆ. ನಮ್ಮಲ್ಲಿ ಬಹಳ ಮನೆಗೆ ಇಂಟಿಪೇರೇ ಇಲ್ಲ. ಆಧಾರ್‌ನಲ್ಲಿ ಹನುಮಂತರಾಯಪ್ಪ, ಹತ್ತನೇ ಕ್ಲಾಸ್ ಮೆಮೋದಲ್ಲಿ ಹನುಮಂತರಾಯುಡು, ಬ್ಯಾಂಕಿನಲ್ಲಿ ಬರೀ ಹನುಮಂತಪ್ಪ. ಕಂಪ್ಯೂಟರಿಗೆ ಇವರು ಮೂವರು ಬೇರೆ ಬೇರೆ ಮನುಷ್ಯರು. ಎಂಟನೇ ಕ್ಲಾಸಿನಲ್ಲೇ ಇದನ್ನ ನೋಡಿ ಸರಿ ಮಾಡಿಸಿ. ಮೆಮೋ ಪ್ರಿಂಟ್ ಆದ ಮೇಲೆ ತಿದ್ದಿಸೋದು ಬಹಳ ಓಡಾಟ.

ಮೂರನೇದು ಲೋಕಲ್. ನಮ್ಮ ರಾಜ್ಯದಲ್ಲಿ ಶೇ. 85 ಸೀಟು ಲೋಕಲ್ ಅಭ್ಯರ್ಥಿಗಳಿಗೆ. ಪರೀಕ್ಷೆ ಪಾಸಾದ ವರ್ಷಕ್ಕೆ ಮುಗಿಯೋ ಹಾಗೆ ಸತತ ನಾಲ್ಕು ವರ್ಷ ಇಲ್ಲಿ ಓದಿರಬೇಕು ಅನ್ನೋದು ಮುಖ್ಯ ನಿಯಮ. ಕನ್ನಡದ ಮೇಲಿನ ಪ್ರೀತಿಗೋ, ಅಜ್ಜಿ ಮನೆ ಅಂತಲೋ, ಹಾಸ್ಟೆಲ್ ಸಿಕ್ಕಿತು ಅಂತಲೋ ಮಕ್ಕಳನ್ನ ಪಾವಗಡಕ್ಕೆ, ಗೌರಿಬಿದನೂರಿಗೆ ಓದೋಕೆ ಕಳಿಸ್ತೀವಿ. ಅಲ್ಲಿ ಪಿಯುಸಿ ಮಾಡಿದ ಮಗು ಇಲ್ಲಿಗೆ ಬಂದರೆ ನಾನ್-ಲೋಕಲ್ ಆಗುತ್ತೆ. ಅಲ್ಲೇ ಸೀಟು ಕೇಳಿದರೆ ನಮ್ಮ ಆಂಧ್ರದ ಜಾತಿ ಸರ್ಟಿಫಿಕೇಟಿಗೆ ಅಲ್ಲಿನ ರಾಜ್ಯದ ಮೀಸಲಾತಿ ಸಿಗಲ್ಲ. ಎರಡು ಊರಿನ ನೆಂಟ ಊಟಕ್ಕೆ ಕೆಟ್ಟ ಹಾಗೆ. ಕಳಿಸಬೇಡಿ ಅಂತ ನಾನು ಹೇಳ್ತಿಲ್ಲ. ತಿಳಿದು ಕಳಿಸಿ ಅಂತ ಹೇಳ್ತೀನಿ.

ನಾಲ್ಕನೇದು ನಮ್ಮ ಹೊಟ್ಟೆಗೆ ನಾಟೋ ಮಾತು. ಕೃಷಿ ಕಾಲೇಜುಗಳಲ್ಲಿ ಶೇ. 40 ಸೀಟು ರೈತರ ಕೋಟಾ. ನಾಲ್ಕು ವರ್ಷವಾದರೂ ಪುರಸಭೆಗೆ ಸೇರದ ಊರಿನ ಶಾಲೆಯಲ್ಲಿ ಓದಿರಬೇಕು, ಮನೆಗೆ ಕನಿಷ್ಠ ಒಂದು ಎಕರೆ ಜಮೀನಿರಬೇಕು. ಎಸ್.ಸಿ. ಮೀಸಲಾತಿ ಈ ಕೋಟಾದ ಒಳಗೂ ಇದೆ. ಆದರೆ ಎಕರೆ ಎಲ್ಲಿಂದ ತರೋದು? ತಲೆತಲಾಂತರ ಹೊಲ ಗೇಯ್ದವರ ಮಗ ರೈತನ ಮಗ ಅಲ್ಲ, ಹೊಲಕ್ಕೆ ಕಾಲಿಡದೆ ಪಾಸ್‌ಬುಕ್ ಇಟ್ಟುಕೊಂಡವರ ಮಗ ರೈತನ ಮಗ. ಕೃಷಿ ಕಾರ್ಮಿಕರ ಮಕ್ಕಳಿಗೂ ಆ ಕೋಟಾದಲ್ಲಿ ಪಾಲು ಬೇಕು ಅಂತ ನಮ್ಮ ಸಂಘ ಸರ್ಕಾರಕ್ಕೆ ಬರೀಬೇಕು. ಅಲ್ಲೀವರೆಗೆ ಮಾಡೋ ಕೆಲಸ ಒಂದಿದೆ. ಸರ್ಕಾರ ಅಜ್ಜನಿಗೆ ಕೊಟ್ಟ ಡಿ.ಕೆ.ಟಿ. ಪಟ್ಟಾ ಎಷ್ಟೋ ಮನೆಯ ಪೆಟ್ಟಿಗೆಯಲ್ಲಿ ಗೆದ್ದಲು ತಿಂತಾ ಇದೆ. ಅದನ್ನ ತೆಗೀರಿ. ಅಡಂಗಲ್, 1-ಬಿಯಲ್ಲಿ ಯಾರ ಹೆಸರಿದೆ ನೋಡಿ. ವಾರಸುದಾರರ ಹೆಸರು ಏರಿಸಿ. ಅದು ಸೀಟಿಗೂ ಬೇಕು, ಹೊಲ ಉಳಿಯೋದಕ್ಕೂ ಬೇಕು.

ಸೀಟು ಸಿಕ್ಕಿತು ಅಂದ್ಕೊಳ್ಳೋಣ. ಆಮೇಲೆ ಮೂರು ಮಾತು ನೆನಪಿಡಿ. ಒಂದು, ಕನ್ವೀನರ್ ಕೋಟಾದ ಸೀಟಿಗೆ ಮಾತ್ರ ನಮ್ಮ ರಾಜ್ಯದಲ್ಲಿ ಫೀಸು ಬರೋದು. "ಅಗ್ರಿಕಲ್ಚರ್ ಸೀಟು ಕೊಡಿಸ್ತೀನಿ, ಫೀಸು ಸರ್ಕಾರವೇ ಕಟ್ಟುತ್ತೆ" ಅಂತ ಬರೋ ದಲ್ಲಾಳಿಗೆ ಎರಡೇ ಪ್ರಶ್ನೆ ಹಾಕಿ: ಇದು ಕನ್ವೀನರ್ ಸೀಟಾ? ಕಾಲೇಜಿಗೆ ಐಸಿಎಆರ್ ಮಾನ್ಯತೆ ಇದೆಯಾ? ಅಲ್ಲಿಗೆ ಅವನ ಬಣ್ಣ ಗೊತ್ತಾಗುತ್ತೆ. ಎರಡು, ಬ್ಯಾಂಕ್ ಅಕೌಂಟ್. ಆಧಾರ್ ಜೆರಾಕ್ಸ್ ಕೊಟ್ಟ ಮಾತ್ರಕ್ಕೆ ಆಗೋದಿಲ್ಲ. ಎನ್‌ಪಿಸಿಐ ಮ್ಯಾಪಿಂಗ್ ಯಾವ ಬ್ಯಾಂಕಿಗೆ ಇದೆ ಅಂತ ಕೇಳಿ. ಎರಡು ಅಕೌಂಟ್ ಇದ್ದರೆ ಕೊನೆಗೆ ಮ್ಯಾಪ್ ಮಾಡಿಸಿದ್ದಕ್ಕೇ ಹಣ ಹೋಗುತ್ತೆ. ಮೂರು, ಹಾಜರಿ ಶೇ. 75. ಜಾತ್ರೆ, ಮದುವೆ, ಕಡಲೆಕಾಯಿ ಸುಗ್ಗಿ ಅಂತ ಮಗುವನ್ನ ಹಾಸ್ಟೆಲಿನಿಂದ ಕರೆಸಬೇಡಿ ಅಮ್ಮಂದಿರೇ. ನಾಲ್ಕು ದಿನದ ಕೂಲಿಗೆ ವರ್ಷದ ಸ್ಕಾಲರ್‌ಷಿಪ್ ಹೋಗುತ್ತೆ.

ಹಣ ತಡವಾಗುತ್ತೆ, ಅದೂ ನಿಜ. ನನಗೆ ಗೊತ್ತಿರೋ ಒಬ್ಬ ಹುಡುಗಿಗೆ ಒಂದು ಕಾಲೇಜಿನವರು ಫೀಸು ಬಂದಿಲ್ಲ ಅಂತ ಸರ್ಟಿಫಿಕೇಟ್ ಕೊಡದೆ ನಿಲ್ಲಿಸಿದರು. ಮನೆಯವರು ಓಲೆ ಅಡವಿಟ್ಟು ಕಟ್ಟೋಕೆ ಹೊರಟಿದ್ದರು. ನಾಲ್ಕು ಜನ ಜೊತೆಗೆ ಹೋದೆವು, ಗಲಾಟೆ ಮಾಡಲಿಲ್ಲ. ಅರ್ಜಿ ಬರೆದು ಸೋಮವಾರ ಕಲೆಕ್ಟರೇಟ್ ಅರ್ಜಿ ದಿನದಲ್ಲಿ ಕೊಟ್ಟು ರಸೀದಿ ತಗೊಂಡೆವು. ಆ ರಸೀದಿ ಹಿಡಿದು ಕಾಲೇಜಿಗೆ ಹೋದಾಗ ಮಾತಿನ ಧಾಟಿ ಬದಲಾಯ್ತು, ಸರ್ಟಿಫಿಕೇಟೂ ಬಂತು. ಅದಕ್ಕೇ ಹೇಳೋದು, ಬಾಯಲ್ಲಿ ಕೇಳಿದ್ದು ಗಾಳಿಗೆ ಹೋಗುತ್ತೆ, ರಸೀದಿ ಇದ್ದದ್ದು ಉಳಿಯುತ್ತೆ.

ಕೊನೆಗೆ ಸಂಘಕ್ಕೆ ನನ್ನ ಕೋರಿಕೆ. ಪ್ರತಿ ಏಪ್ರಿಲ್ 14ಕ್ಕೆ ಮೆರವಣಿಗೆ ಮಾಡ್ತೀವಿ, ಮಾಡಲೇಬೇಕು. ಅದರ ಮಾರನೇ ದಿನ ಒಂದು ಟೇಬಲ್ ಹಾಕೋಣ. ಒಂದು ದಪ್ಪ ರಿಜಿಸ್ಟರ್ ಇಡೋಣ. ಎಂಟನೇ ಕ್ಲಾಸಿನಿಂದ ಇಂಟರ್‌ವರೆಗೆ ಓದೋ ನಮ್ಮ ಕೇರಿಗಳ ಪ್ರತಿ ಮಗುವಿನ ಹೆಸರು ಅದರಲ್ಲಿ ಬರೀಬೇಕು. ಆಧಾರ್, ಜಾತಿ, ಆದಾಯ, ಸ್ಟಡಿ ಸರ್ಟಿಫಿಕೇಟ್, ಬ್ಯಾಂಕ್, ಜಮೀನು, ಆರು ಕಾಲಂ. ಇದ್ದದ್ದಕ್ಕೆ ಟಿಕ್, ಇಲ್ಲದ್ದಕ್ಕೆ ಒಬ್ಬ ಯುವಕನ ಹೆಸರು. ಮೇ ಮುಗಿಯೋದರೊಳಗೆ ಆ ಕಾಗದ ಮಾಡಿಸಿಕೊಡೋ ಜವಾಬ್ದಾರಿ ಅವನದು. ಹೆಣ್ಣುಮಕ್ಕಳ ಹೆಸರು ಮೊದಲ ಪುಟದಲ್ಲಿರಲಿ. ಹತ್ತನೇ ಕ್ಲಾಸ್ ಆದ ಕೂಡಲೇ ಗಂಡು ಹುಡುಕೋ ಮನೆಗೆ ಮಡಕಶಿರಾ ಪಾಲಿಟೆಕ್ನಿಕ್ಕಿನ ಅರ್ಜಿ ತಗೊಂಡು ನಾವೇ ಹೋಗೋಣ.

ಬಾಬಾಸಾಹೇಬರು ಬರೆದ ಒಂದು ಮನವಿಯಿಂದ ಈ ಯೋಜನೆ ಬಂತು. ನಾವು ಬರೆಯೋ ಒಂದೊಂದು ಅರ್ಜಿಯೂ ಆ ಮನವಿಯ ಮುಂದಿನ ಸಾಲು. ಈ ವರ್ಷ ಈ ಸಭೆಯಿಂದ ಹತ್ತು ಅರ್ಜಿ ಹೋದರೂ ಸಾಕು, ಮುಂದಿನ ವರ್ಷ ಆ ಹತ್ತು ಮಕ್ಕಳೇ ಟೇಬಲ್ ಹಿಂದೆ ಕೂತು ಬರೆದುಕೊಡ್ತಾರೆ.

ಜೈ ಭೀಮ್.