ಒಂದು ಸುತ್ತು ಟೇಪಿನ ಬೆಲೆ



ನಾನು ಚಾರ್ಟರ್ಡ್ ಅಕೌಂಟೆಂಟ್; ಟ್ರಾನ್ಸ್‌ಫಾರ್ಮರ್ ಸುತ್ತಲು ಬಾರದು. ಆದರೆ ಪವರ್ ಸಪ್ಲೈ ತಯಾರಕರ ಖರ್ಚಿನ ಪಟ್ಟಿ ನೋಡುವುದು ನನ್ನ ಕೆಲಸ. ಅದರಲ್ಲಿ ಮೊದಲು ಕತ್ತರಿಗೆ ಸಿಗುವ ಬಾಬತ್ತು ಸುರಕ್ಷತಾ ಪ್ರಮಾಣೀಕರಣ.

ಗೋಡೆಯ ಸಾಕೆಟ್ಟಿನ ವಿದ್ಯುತ್ತು ಇಲ್ಲಿ ಅಮೆರಿಕದಲ್ಲಿ 120 ವೋಲ್ಟ್, ಊರಲ್ಲಿ 230. ಅದಕ್ಕೂ ನಮ್ಮ ಕೈಗೂ ನಡುವೆ ಟ್ರಾನ್ಸ್‌ಫಾರ್ಮರಿನೊಳಗಿನ ನಿರೋಧಕ ಪದರಗಳೇ ಅಡ್ಡಗೋಡೆ. ಸುರುಳಿಗಳ ನಡುವಿನ ಅಂತರ, ಬಿಸಿ, ಹೈ-ಪಾಟ್ ಪರೀಕ್ಷೆಯ ಸಾವಿರಾರು ವೋಲ್ಟ್ ತಡೆಯುವ ಶಕ್ತಿ, ಇವನ್ನೆಲ್ಲ ಐಇಸಿ 62368-1 ಮಾನದಂಡ ನೋಡುತ್ತದೆ.

ಆರ್ಡರ್ ಕೊಟ್ಟು ಮಾಡಿಸಿದ ಟ್ರಾನ್ಸ್‌ಫಾರ್ಮರಿನ ಕಷ್ಟ ಸಂಖ್ಯೆಯದು. ಪರೀಕ್ಷೆಗೆ 10,000 ಡಾಲರ್ ಎಂದುಕೊಳ್ಳಿ. 50,000 ನಗಕ್ಕೆ ಹಂಚಿದರೆ ತಲಾ 20 ಸೆಂಟ್. 500ಕ್ಕೆ ಹಂಚಿದರೆ 20 ಡಾಲರ್. ಆಗಲೇ ಅಗ್ಗದ ಟೇಪು, ಬೇರೆ ವಾರ್ನಿಶ್ ಹುಡುಕುವ ಆಸೆ ಹುಟ್ಟುತ್ತದೆ. ಆದರೆ ಯುಎಲ್ 1446 ಮಾನ್ಯತೆ ಕೊಡುವುದು ತಂತಿ, ಬಾಬಿನ್, ಟೇಪು, ವಾರ್ನಿಶ್ ಸೇರಿದ ಇಡೀ ನಿರೋಧಕ ವ್ಯವಸ್ಥೆಗೆ. ಬಿಡಿಬಿಡಿಯಾಗಿ ಒಳ್ಳೆಯವೇ ಆದರೂ, ವರ್ಷಗಟ್ಟಲೆ ಬಿಸಿಯಲ್ಲಿ ಒಂದು ಇನ್ನೊಂದನ್ನು ಕೆಡಿಸಬಹುದು. ಹೊರಗಿನಿಂದ ಏನೂ ಕಾಣದು.

ಉಳಿತಾಯದ ನೇರ ದಾರಿಯೂ ಇದೆ. ಈಗಾಗಲೇ ಮಾನ್ಯತೆ ಪಡೆದ ನಿರೋಧಕ ವ್ಯವಸ್ಥೆಯನ್ನು ಹಾಗೆಯೇ ಬಳಸುವ ತಯಾರಕರನ್ನು ಆರಿಸಿದರೆ, ತಿಂಗಳುಗಟ್ಟಲೆ ನಡೆಯುವ ಬಿಸಿಯ ಪರೀಕ್ಷೆ ಮತ್ತೆ ಬೇಕಾಗುವುದಿಲ್ಲ.

ನಮ್ಮಲ್ಲಿ ಹಲವರು ಖರೀದಿ, ಲೆಕ್ಕಪತ್ರದ ಮೇಜಿನಲ್ಲಿದ್ದೇವೆ. ಬದಲಿ ಸಾಮಗ್ರಿಗೆ ಸಹಿ ಹಾಕುವ ಮುನ್ನ ಇಂಜಿನಿಯರನ್ನು ಒಂದೇ ಮಾತು ಕೇಳಿ: "ಇದು ಪ್ರಮಾಣೀಕರಣದ ಪಟ್ಟಿಯಲ್ಲಿದೆಯೇ?" ಇಲ್ಲವಾದರೆ ಅದು ಉಳಿತಾಯವಲ್ಲ, ಯಾರದೋ ಮನೆಯ ಖಾತೆಗೆ ನಾವು ಬರೆದ ಸಾಲ.