ನೆಲದಲ್ಲುಳಿದ ಬೇರು

ಪೈರನ್ನು ಕುಯ್ದು ಮನೆಗೆ ತಂದೊಡನೆ ಹೊಲದ ಕೆಲಸವು ಮುಗಿಯಿತೆಂದು ನಾವು ಭಾವಿಸುವುದುಂಟು. ಆದರೆ ನೆಲದೊಳಗೆ ಇನ್ನೊಂದು ಕೆಲಸವು ಆಗತಾನೇ ಮೊದಲಾಗಿರುತ್ತದೆ. ಅಲ್ಲಿ ಉಳಿದ ಬೇರುಗಳನ್ನು ಬ್ಯಾಕ್ಟೀರಿಯಗಳೂ ಬೂಷ್ಟುಗಳೂ ಆಹಾರವಾಗಿ ಬಳಸತೊಡಗುತ್ತವೆ. ಎರೆಹುಳು, ಗೆದ್ದಲುಗಳು ಅವಕ್ಕೆ ನೆರವಾಗುತ್ತವೆ. ಬೇರಿನಲ್ಲಿದ್ದ ಇಂಗಾಲದ ಬಹುಭಾಗವು ಇಂಗಾಲಾಮ್ಲ ವಾಯುವಾಗಿ ಹೊರಟುಹೋಗುತ್ತದೆ. ಮಿಕ್ಕುದು ಮಣ್ಣಿಗೆ ಕಪ್ಪು ಬಣ್ಣವನ್ನೂ ನೀರು ಹಿಡಿಯುವ ಶಕ್ತಿಯನ್ನೂ ಕೊಡುವ ಸಾರವಾಗಿ ನಿಲ್ಲುತ್ತದೆ.

ಎಲ್ಲ ಬೇರುಗಳೂ ಒಂದೇ ವೇಗದಲ್ಲಿ ಕೊಳೆಯತಕ್ಕವಲ್ಲ. ರಾಗಿಯ ಹೊಲದಲ್ಲಿ ಅವರೆಯನ್ನು ಅಕ್ಕಡಿಯಾಗಿ ಬಿತ್ತುವುದು ಹಳೆಯ ಮೈಸೂರು ಸೀಮೆಯ ವಾಡಿಕೆ. ಎರಡರ ಬೇರುಗಳೂ ಒಂದೇ ಮಣ್ಣಿನಲ್ಲಿದ್ದರೂ ಅವರೆಯ ಎಳೆಯ ಬೇರುಗಳು ಬೇಗನೆ ಕರಗುತ್ತವೆ. ಅವುಗಳಲ್ಲಿ ಸಾರಜನಕವು ಹೆಚ್ಚು. ರಾಗಿಯ ಬೇರಿನಲ್ಲಿ ಅದು ಕಡಮೆ. ಕೊಳೆಯುವ ವಸ್ತುವಿನಲ್ಲಿ ಸಾರಜನಕದ 1 ಪಾಲಿಗೆ ಇಂಗಾಲವು ಸುಮಾರು 25 ಪಾಲನ್ನು ಬಹಳವಾಗಿ ಮೀರಿದ್ದರೆ ಸೂಕ್ಷ್ಮಜೀವಿಗಳು ಸಾರಜನಕದ ಕೊರತೆಯನ್ನು ಮಣ್ಣಿನಿಂದಲೇ ತುಂಬಿಕೊಳ್ಳುತ್ತವೆ. ಆಗ ಬಿತ್ತಿದ ಪೈರು ಕೆಲವು ಕಾಲ ಹಳದಿಗೆ ತಿರುಗುವುದುಂಟು. ಮರದ ದಪ್ಪ ಬೇರಿನಲ್ಲಿ ಲಿಗ್ನಿನ್ ಎಂಬ ಗಡುಸಾದ ಪದಾರ್ಥವಿರುವುದರಿಂದ ಅದು ವರ್ಷಗಟ್ಟಲೆ ಉಳಿಯಬಲ್ಲುದು. ಸಸ್ಯವಸ್ತುವಿನ ರಾಸಾಯನಿಕ ರಚನೆಗೂ ಅದು ಕೊಳೆಯುವ ವೇಗಕ್ಕೂ ಇರುವ ಸಂಬಂಧವನ್ನು ಅಮೆರಿಕದಲ್ಲಿ ಟೆನ್ನಿ ಮತ್ತು ವಾಕ್ಸ್‌ಮನ್ ಎಂಬವರು 1929ರಲ್ಲಿಯೇ ವಿವರಿಸಿದರು.

ಬೇರಿನ ಗುಣದಂತೆ ನೆಲದ ಸ್ಥಿತಿಯೂ ಮುಖ್ಯವಾದುದು. ಒಂದು ಮಿತಿಯೊಳಗೆ, ಶಾಖವು 10 ಡಿಗ್ರಿ ಸೆಂಟಿಗ್ರೇಡು ಏರಿದರೆ ಕೊಳೆಯುವ ವೇಗವು ಸುಮಾರು ಎರಡರಷ್ಟಾಗುತ್ತದೆ. ಆದರೆ ತೇವವಿಲ್ಲದೆ ಶಾಖವೊಂದರಿಂದ ಏನೂ ಆಗದು. ಬೇಸಗೆಯ ಒಣನೆಲದಲ್ಲಿ ಬಹುಮಟ್ಟಿಗೆ ನಿಂತಿದ್ದ ಕೆಲಸವು ಮುಂಗಾರಿನ ಮೊದಲ ಮಳೆ ಬಿದ್ದೊಡನೆ ಭರದಿಂದ ಸಾಗುತ್ತದೆ. ನೀರು ನಿಂತ ಗದ್ದೆಯಲ್ಲಿ ಗಾಳಿಯಾಡದೆ ಅದು ನಿಧಾನವಾಗುತ್ತದೆ. ಉತ್ತು ಮಣ್ಣನ್ನು ಸಡಿಲಿಸಿದಾಗ ಗಾಳಿ ಸೇರಿ ಮತ್ತೆ ಚುರುಕಾಗುತ್ತದೆ.

ಹಾಗಾದರೆ ಬೇಗ ಕೊಳೆಯುವುದು ಒಳ್ಳೆಯದೋ, ನಿಧಾನವಾಗಿ ಕೊಳೆಯುವುದು ಒಳ್ಳೆಯದೋ ಎಂದು ಯಾರಾದರೂ ಕೇಳಬಹುದು. ನಮಗೆ ಎರಡೂ ಬೇಕು. ಬೇಗ ಕೊಳೆತುದು ಬರುವ ಪೈರಿಗೆ ಆಹಾರ. ನಿಧಾನವಾಗಿ ಕೊಳೆತುದು ನೆಲದ ಬಂಡವಾಳ. ನಮ್ಮ ಬಯಲುಸೀಮೆಯ ಕೆಂಪುಮಣ್ಣಿನಲ್ಲಿ ಈ ಬಂಡವಾಳವು ಸಾಮಾನ್ಯವಾಗಿ ಕಡಮೆ. ಇರುವುದೂ ಬಿಸಿಲಿನಿಂದಲೂ ಪದೇ ಪದೇ ಅಗೆಯುವುದರಿಂದಲೂ ಬೇಗನೆ ವ್ಯಯವಾಗುತ್ತದೆ.

ಪಟ್ಟಣದ ಹಿತ್ತಿಲುಗಳಲ್ಲಿ ಅವರೆ ಮುಗಿದೊಡನೆ ಗಿಡವನ್ನು ಬೇರುಸಹಿತ ಕಿತ್ತು ಕಸಕ್ಕೆ ಹಾಕುವ ವಾಡಿಕೆಯುಂಟು. ಗಿಡಕ್ಕೆ ರೋಗ ತಗಲಿರದಿದ್ದರೆ, ಅದನ್ನು ಬುಡದಲ್ಲಿ ಕೊಯ್ದು ಬೇರನ್ನು ನೆಲದಲ್ಲಿಯೇ ಬಿಡುವುದು ಲೇಸು. ಖರ್ಚಿಲ್ಲದೆ ದೊರೆಯುವ ಈ ಗೊಬ್ಬರವನ್ನು ನಾವು ಕಳೆದುಕೊಳ್ಳಬಾರದು.