ನೀರೊಳಗಿನ ಗ್ಯಾಸು ಅಳೆಯೋದು ಬಾವಿಕಟ್ಟೆ ಮೇಲೇ

ಚೆನ್ನೈನ ಪ್ಯಾರೀಸ್ ಕಾರ್ನರ್‌ನಿಂದ ಮಾತಾಡ್ತಿದೀನಿ. ಪಕ್ಕದಲ್ಲೇ ಇರೋ ನೈನಿಯಪ್ಪ ನಾಯಕನ್ ಬೀದಿ ಕೆಮಿಕಲ್ಸ್ ವ್ಯಾಪಾರಕ್ಕೆ ಹೆಸರುವಾಸಿ. ನೀರಲ್ಲಿ ಕರಗಿರೋ ಇಂಗಾಲದ ಡೈಆಕ್ಸೈಡ್ ಅಳೆಯೋಕೆ ದೊಡ್ಡ ಯಂತ್ರವೇನೂ ಬೇಡ. ಅಂಥ ಅಂಗಡಿಗಳಲ್ಲಿ ಸಿಗೋ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ, ಬಣ್ಣ ತೋರಿಸೋ ಫಿನಾಲ್ಫ್ಥಲೀನ್, ಹನಿ ಅಳೆದು ಬಿಡೋ ಒಂದು ಬ್ಯೂರೆಟ್ ಇದ್ರೆ ಸಾಕು.

ಆ ಬೀದಿ ಇರೋ ಜಾರ್ಜ್ ಟೌನ್‌ನಲ್ಲಿ ಏಳುಕಿಣರು ಅಂತ ಜಾಗ ಇದೆ. ಅಲ್ಲಿನ ಬಾವಿಗಳಿಂದ ಸೇಂಟ್ ಜಾರ್ಜ್ ಕೋಟೆಗೆ ನೀರು ಕೊಡೋ ಯೋಜನೆ ಶುರುವಾಗಿದ್ದು 1772ರಲ್ಲಿ. ಅದೇ ವರ್ಷ ಇಂಗ್ಲೆಂಡಿನಲ್ಲಿ ಜೋಸೆಫ್ ಪ್ರೀಸ್ಟ್ಲಿ ನೀರಿಗೆ ಈ ಅನಿಲ ಬೆರೆಸೋದು ಹೇಗೆ ಅಂತ ಕಿರುಪುಸ್ತಕ ಬರೆದ. ಅವನು ಕಷ್ಟಪಟ್ಟು ತುಂಬಿಸಿದ್ದನ್ನ ನೆಲ ತಾನಾಗೇ ತುಂಬಿಸುತ್ತೆ. ಬೇರುಗಳು, ಮಣ್ಣಿನ ಸೂಕ್ಷ್ಮಜೀವಿಗಳು ಉಸಿರಾಡಿ ಬಿಟ್ಟ ಅನಿಲ ಇಳಿಯೋ ಮಳೆನೀರಲ್ಲಿ ಕರಗುತ್ತೆ. ಅದಕ್ಕೇ ಬಾವಿ, ಬೋರ್‌ವೆಲ್ ನೀರಲ್ಲಿ ಲೀಟರಿಗೆ ಹತ್ತಾರು ಮಿಲಿಗ್ರಾಂ ಇರೋದುಂಟು. ಗಾಳಿಗೆ ತೆರೆದಿಟ್ಟ ನೀರಲ್ಲಿ ನಿಲ್ಲೋದು ಒಂದು ಮಿಲಿಗ್ರಾಂಗಿಂತ ಕಮ್ಮಿ.

ಅಂದ್ರೆ ನೀರು ಮೇಲೆ ಬಂದ ಕ್ಷಣದಿಂದ ಗ್ಯಾಸು ಹೊರಟಿರುತ್ತೆ, ಗೋಲಿ ಒತ್ತಿದ ಸೋಡಾ ಬಾಟಲಿಯ ಹಾಗೆ. ಬಿಂದಿಗೆಗೆ ಧೊಪ್ ಅಂತ ಸುರಿದು ಮರುದಿನ ಲ್ಯಾಬಿಗೆ ಒಯ್ದರೆ ಬರೋ ಅಂಕಿ ಬಾವಿಯದ್ದಲ್ಲ. ಪೈಪಿನ ತುದಿಯನ್ನ ಬಾಟಲಿ ತಳಕ್ಕೆ ಇಳಿಸಿ, ನೊರೆ ಏಳದ ಹಾಗೆ ತುಂಬಿಸಿ, ಒಂದಷ್ಟು ಉಕ್ಕಿ ಹರಿಯೋಕೆ ಬಿಡಿ. ಒಂದು ಗುಳ್ಳೆಯೂ ಉಳೀದ ಹಾಗೆ ಬಿರಡೆ ಹಾಕಿ. ಆದಷ್ಟೂ ಅಲ್ಲೇ, ಆಗಲೇ ಪರೀಕ್ಷೆ ಮಾಡಿ.

100 ಮಿಲಿಲೀಟರ್ ನೀರಿಗೆ ಕೆಲವು ಹನಿ ಫಿನಾಲ್ಫ್ಥಲೀನ್ ಹಾಕಿ. ಆಗಲೇ ಗುಲಾಬಿ ಬಣ್ಣ ಬಂದ್ರೆ ಈ ಅನಿಲ ಇಲ್ಲ ಅಂತಲೇ ಲೆಕ್ಕ, ಪಿಎಚ್ 8.3ರ ಮೇಲಿದೆ. ಬರದಿದ್ರೆ 0.0227 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ ಹನಿಹನಿಯಾಗಿ ಬಿಡಿ, ಮೆಲ್ಲಗೆ ತಿರುಗಿಸಿ, ಕುಲುಕಬೇಡಿ. ಮೊದಲು ಗುಲಾಬಿ ಮೂಡಿ ಮಾಯವಾಗುತ್ತೆ. ತೆಳು ಗುಲಾಬಿ ಅರ್ಧ ನಿಮಿಷ ನಿಂತಾಗ ನಿಲ್ಲಿಸಿ. ಖರ್ಚಾದ ಮಿಲಿಲೀಟರನ್ನ 10ರಿಂದ ಗುಣಿಸಿದ್ರೆ ಲೀಟರಿಗೆ ಎಷ್ಟು ಮಿಲಿಗ್ರಾಂ ಅಂತ ಸಿಕ್ತು. ನೀರಲ್ಲಿ ಕಬ್ಬಿಣ ಜಾಸ್ತಿ ಇದ್ರೆ ಮಾತ್ರ ಅಂಕಿ ಇರೋದಕ್ಕಿಂತ ಹೆಚ್ಚು ತೋರಿಸುತ್ತೆ. ಇನ್ನೊಂದು ಮಾತು: ಸೋಡಿಯಂ ಹೈಡ್ರಾಕ್ಸೈಡ್ ಕೂಡ ಗಾಳಿಯಿಂದ ಇದೇ ಅನಿಲ ಹೀರಿ ದುರ್ಬಲವಾಗುತ್ತೆ. ಹಳೇ ಬಾಟಲಿ ನಂಬಬೇಡಿ.

ಈ ಅನಿಲ ಕುಡಿಯೋರಿಗೆ ವಿಷವಲ್ಲ, ಆದ್ರೆ ಕಬ್ಬಿಣದ ಪೈಪನ್ನ, ಸಿಮೆಂಟಿನ ಸುಣ್ಣವನ್ನ ಕೊರೆಯುತ್ತೆ.

ಬಹಳ ಜನ ಕೇಳೋ ಪ್ರಶ್ನೆ: ಆರ್‌ಒ ನೀರಿನ ಪಿಎಚ್ ಯಾಕೆ 7ಕ್ಕಿಂತ ಕೆಳಗಿರುತ್ತೆ, ಫಿಲ್ಟರ್ ಕೆಟ್ಟಿದೆಯಾ? ಇಲ್ಲ. ಆರ್‌ಒ ಪೊರೆ ಬೈಕಾರ್ಬನೇಟನ್ನ ತಡೆಯುತ್ತೆ, ಈ ಅನಿಲವನ್ನ ತಡೆಯಲ್ಲ. ಹುಳಿಯನ್ನ ಸರಿದೂಗಿಸೋದು ಹೊರಗುಳೀತು, ಹುಳಿ ಮಾಡೋದು ಒಳಗೆ ಬಂತು. ಆ ನೀರನ್ನ ಅಗಲ ಪಾತ್ರೆಯಲ್ಲಿ ಕುದಿಸಿ, ಮುಚ್ಚಳ ಹಾಕಿ ಆರಿಸಿ ಮತ್ತೆ ಅಳೆದು ನೋಡಿ, ಪಿಎಚ್ ಏರಿರುತ್ತೆ.